ಎರಡೂ ಬದಿ ಬಿಳಿ

ಸುಲ್ತಾನಪೇಟೆಯ ಲಗ್ನಪತ್ರಿಕೆ ಪ್ರೆಸ್ಸಿನಿಂದ
ತಿಂಗಳಿಗೊಂದು ಕಟ್ಟು ಬರುತ್ತದೆ ನಮ್ಮ ಶಾಲೆಗೆ,
ತೂಕಕ್ಕೆ ಹೋಗಬೇಕಿದ್ದ ವೇಸ್ಟೇಜು.
ಮುಂದುಗಡೆ ಅರ್ಧ ಗಣಪತಿ, ತಲೆಕೆಳಗಾದ ಸುಮುಹೂರ್ತ,
ಅಕ್ಷರ ಜಾರಿ ಒಬ್ಬರ ಮೇಲೊಬ್ಬರು ಕೂತ ವಧೂವರರು.
ಹಿಂದುಗಡೆ ನಮ್ಮದು.

ಹಿಂದುಗಡೆಯೂ ಖಾಲಿಯೇನಲ್ಲ.
ರೋಲರು ಉಗುಳಿದ ಮಸಿ, ಯಾರದೋ ಹೆಬ್ಬೆಟ್ಟು,
ಟೀ ಲೋಟದ ತಳ,
ಕಟ್ಟಿದ ಹುರಿ ಉಜ್ಜಿ ಎದ್ದ ಜುಂಗು.

ಟೈಂಟೇಬಲ್ಲಿನಲ್ಲಿ ಶನಿವಾರದ ಮೂರನೇ ಪೀರಿಯಡ್ಡಿಗೆ
‘ಕಲೆ’ ಎಂದು ಬರೆದಿದ್ದಾರೆ.
ಬಿಳಿ ಲಂಗಕ್ಕೆ ನೇರಳೆಹಣ್ಣು ಮೆತ್ತಿಕೊಂಡು ಬಂದ ದಿನ
ಅಮ್ಮ ಬೈದದ್ದೂ ಇದೇ ಮಾತಿನಲ್ಲಿ.
ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು
ಹನ್ನೊಂದು ವರ್ಷದಿಂದ ಸಂಬಳ ತಗೊಳ್ಳುತ್ತಿದ್ದೇನೆ.

ರೂಲು ಒಂದೇ: ರಬ್ಬರೆಲ್ಲ ನನ್ನ ಮೇಜಿನ ಹಾರ್ಲಿಕ್ಸ್ ಬಾಟಲಿಗೆ,
ಗಂಟೆ ಹೊಡೆದ ಮೇಲೆ ವಾಪಸ್ಸು.
ಹಾಳೆ ತಿರುಗಿಸಿ ನೋಡಿ, ಅಡ್ಡ ಹಿಡಿದು ನೋಡಿ,
ಏನಾಗಬೇಕು ಅಂತ ಅದನ್ನೇ ಕೇಳಿ.

ಸುಹೇಲನ ಹೆಬ್ಬೆಟ್ಟಿಗೆ ಎಂಟು ಕಾಲು ಬಂತು,
ಹತ್ತಲು ಒಂದು ಬಚ್ಚಲ ಗೋಡೆಯೂ.
ಎಸ್ತರಳ ಟೀ ಉಂಗುರ
ಮಾರ್ಕೆಟ್ಟಿನ ಹೂವಮ್ಮನ ತಲೆಯ ಸಿಂಬೆಯಾಗಿ,
ಸಿಂಬೆಯ ಮೇಲೆ ಬುಟ್ಟಿ, ಬುಟ್ಟಿ ತುಂಬ
ಪೆನ್ಸಿಲು ಮೊಂಡಾಗುವ ತನಕ ಕನಕಾಂಬರ.
ಭೀಮಾಶಂಕರ ಮಾತ್ರ ಯಾವ ಮಸಿ ಸಿಕ್ಕರೂ ಜೆಸಿಬಿ ಮಾಡುತ್ತಾನೆ.
ಅವರಪ್ಪನಿಗೆ ಮೆಟ್ರೋ ಗುಂಡಿಯಲ್ಲಿ ಕೆಲಸ.
ಇರಲಿ, ಒಂದೊಂದು ಜೆಸಿಬಿಯೂ
ಒಂದೊಂದು ಬಣ್ಣದ ಮಣ್ಣು ಎತ್ತುತ್ತಿರುತ್ತದೆ.

ಮೂರನೇ ಬೆಂಚಿನಿಂದ ಬಿಕ್ಕಿದ ಸದ್ದು.
ಲಿಖಿತಾ. ಏನೇ?
“ನನ್ನ ಹಾಳೆಗೆ ಏನೂ ಆಗಿಲ್ಲ ಮಿಸ್.”

ತಗೊಂಡು ಕಿಟಕಿಗೆ ಹಿಡಿದೆ.
ನಿಜ. ಎರಡೂ ಬದಿ ಬಿಳಿ.
ಇಡೀ ಕಟ್ಟಿನಲ್ಲಿ ಅದೊಂದು ಹೇಗೆ ತಪ್ಪಿಸಿಕೊಂಡಿತೋ
ಯಾರ ಮದುವೆಗೂ ಒದಗದೆ.
ಓದುವ ಕಾಲಕ್ಕೆ ಇಂಥದೇ ಒಂದು ಹಾಳೆಗಾಗಿ
ವಾರವಿಡೀ ರಾತ್ರಿಯೂಟ ಬಿಟ್ಟು ದುಡ್ಡು ಕೂಡಿಸಿದ್ದೆ.
ತಂದು, ಮುಟ್ಟಲು ಹೆದರಿ, ಮಂಚದ ಕೆಳಗಿಟ್ಟು
ಗೆದ್ದಲಿಗೆ ಒಪ್ಪಿಸಿದ್ದೆ.
ಅದನ್ನು ಇವಳಿಗೆ ಹೇಳಲಿಲ್ಲ.

“ಇಂಕು ಚೆಲ್ಲಲೇನೇ?” ಎಂದ ಸುಹೇಲ, ದಾನಶೂರನ ಗತ್ತಿನಲ್ಲಿ.
ಬೇಡ ಎಂದಳು. ಬೇಕಂತ ಮಾಡಿದ್ದು ಲೆಕ್ಕಕ್ಕಿಲ್ಲ
ಅಂತ ನಾನೇ ಹೇಳಿದ್ದೆನಂತೆ, ಜೂನ್ ತಿಂಗಳಲ್ಲಿ.
ಹಾಗಾದರೆ ಕಾಯಿ, ಅಂದೆ.

ಕಾದಳು.
ಎರಡೂ ಕೈ ತೊಡೆಯ ಕೆಳಗೆ, ಬೆರಳು ತಾಗೀತೆಂದು.
ಹೊರಗೆ ಗೂಡ್ಸ್ ಆಟೋಗಳು ಒಂದನ್ನೊಂದು ಬೈದುಕೊಂಡವು.
ಅಟ್ಟದ ಪಾರಿವಾಳ ರೆಕ್ಕೆ ಕೊಡವಿ ಎದ್ದಿತು,
ಇಡೀ ತರಗತಿ ಕತ್ತೆತ್ತಿ ಪ್ರಾರ್ಥಿಸಿತು,
ಪಾರಿವಾಳ ಮತ್ತೆ ಕೂತಿತು.
ಗಂಟೆ ಹೊಡೆಯಿತು.
ಬಾಟಲಿ ಬೋರಲು ಹಾಕಿ ರಬ್ಬರು ಹಂಚುವಾಗ
ಅವಳು ಹಾಳೆಯನ್ನು ಅಂಗೈ ಮೇಲೆ ಹೊತ್ತು ಹೊರಟಿದ್ದಳು,
ಮೊಸರಿನ ತಟ್ಟೆಯ ಹಾಗೆ.

ಸೋಮವಾರ ಗೇಟಿನಿಂದಲೇ ಕೂಗು:
“ಮಿಸ್! ಬಸ್ಸಲ್ಲಿ ಒಬ್ಬರು ಅಜ್ಜಿ
ಅದರ ಮೇಲೆ ಕೂತುಬಿಟ್ಟರು ಮಿಸ್!”

ಬಿಡಿಸಿ ತೋರಿಸಿದಳು.
ಅಡ್ಡಾದಿಡ್ಡಿ ಮಡಿಕೆ, ಮಧ್ಯೆ ಒಂದು ದೊಡ್ಡ ತಗ್ಗು.
ಅಜ್ಜಿಯ ಮುಖದ ಸುಕ್ಕು ಮಾಡು ಎನ್ನಲು ಬಾಯಿ ತೆರೆದೆ.
ಅವಳಾಗಲೇ ನಿಂತಲ್ಲೇ, ಗೋಡೆಗೆ ಒತ್ತಿಟ್ಟು,
ಮಡಿಕೆಗಳ ಗುಂಟ ಪೆನ್ಸಿಲು ಎಳೆದುಕೊಂಡು ಹೋಗಿ
ಸೀರೆಯ ನೆರಿಗೆ ಮಾಡಿದ್ದಳು, ಸೀರೆಗೊಂದು ಬೆನ್ನು,
ಬೆನ್ನ ಮೇಲೆ ಸಣ್ಣ ತುರುಬು.

“ಮುಖ ನೋಡಲಿಲ್ಲ ಮಿಸ್. ಇಳಿದು ಹೋದರು.”
ಯಾವ ಸ್ಟಾಪಿನಲ್ಲಿ?
“ಅದೂ ನೋಡಲಿಲ್ಲ. ಹಾಳೆ ನೋಡ್ತಿದ್ದೆ.”
ಬಸ್ಸು ಬರೆದಳು, ಬಾಗಿಲು ಬರೆದಳು, ಒಂದು ಕಾಲು ಮೆಟ್ಟಿಲ ಮೇಲೆ.
ಊರಿನ ಹೆಸರಿರುವ ಬೋರ್ಡು ಮಾತ್ರ
ಹಾಗೇ ಬಿಟ್ಟಳು, ಬಿಳಿ.