ಆಟ

ಮೊದಲು ಗೊತ್ತಾಗಿದ್ದು ಮುಂಡರಗಿ ರಸ್ತೆಯಲ್ಲಿ.
ಹಿಂದಿನ ಸೀಟಿನ ತುಂಬ ಇನ್ನೂರು ಜೀನ್ಸು,
ಜಿಪ್ಪು ಕೂತವು, ಗುಂಡಿ ಕೂರದವು,
ವಾಷಿಂಗಿಗೆ ಹೊರಟವು.
ಎದುರಿಗೆ ಅದಿರಿನ ಲಾರಿ.
ಎಡಕ್ಕೆ ತಿರುಗಿಸಿದೆ.
ಸ್ಟೇರಿಂಗ್ ತಿರುಗಿತು, ಗಾಡಿ ಯೋಚಿಸಿತು,
ಆಮೇಲೆ ತಿರುಗಿತು.

ಆ ಯೋಚನೆಯ ಅಗಲ ಮೂರು ಬೆರಳು.
ಮನೆ ಮುಂದೆ ನಿಲ್ಲಿಸಿ ಅಳೆದು ನೋಡಿದೆ,
ಸೊಂಟದ ಪಟ್ಟಿ ಅಳೆಯುವ ಹಾಗೆ.

ಎಂಬತ್ತೇಳರ ಪದ್ಮಿನಿ.
ಮಾರಿಬಿಡು, ಅಂದ ತಿಪ್ಪೇರುದ್ರ.
ಮನೆಯಲ್ಲಿ ಯಾವುದು ಸಡಿಲಾದರೂ
ಅವನ ಹತ್ತಿರ ಇರುವುದು ಅದೊಂದೇ ಔಷಧ.

ಮೋತಿ ಸರ್ಕಲ್ಲಿನ ಹುಡುಗ ಬಾನೆಟ್ ಎತ್ತಿದ,
ಬಾಕ್ಸಿನ ನೆತ್ತಿಯ ತಿರುಪು ಮುಕ್ಕಾಲು ಸುತ್ತು ಬಿಗಿದ.
ಐದು ನಿಮಿಷ, ಇನ್ನೂರು ರೂಪಾಯಿ.
ಮೂರು ಬೆರಳು ಎರಡಾಯಿತು, ನಿಜ.
ಆದರೆ ತಿರುವು ಮುಗಿದರೂ ಸ್ಟೇರಿಂಗ್ ನೆಟ್ಟಗಾಗದು,
ಮುನಿಸಿಕೊಂಡ ಮಗುವಿನ ಕತ್ತಿನ ಹಾಗೆ
ತಿರುಗಿಸಿದ ಕಡೆಗೇ ನಿಂತಿತು.
ನಾನೇ ಎಳೆದು ತರಬೇಕು, ಪ್ರತಿ ಸಲ,
ರಟ್ಟೆ ನೋಯುವ ತನಕ.

ಕೌಲ್ ಬಜಾರಿನ ಜಿಲಾನಿ ಮೇಸ್ತ್ರಿ
ಮೊದಲು ಆ ತಿರುಪನ್ನೇ ಸಡಿಲಿಸಿದ.
"ರೋಗಕ್ಕ ಕಂಬಳಿ ಹೊಚ್ಚಿಬಿಟ್ಟಾನ. ಹೆಂಗ ಕಾಣಬೇಕು?"
ಗೋಣಿ ಹಾಸಿ ಗಾಡಿ ಕೆಳಗೆ ತೂರಿದ.
ಎರಡು ಪಾದ ಮಾತ್ರ ಹೊರಗೆ, ಒಂದರಲ್ಲಿ ಚಪ್ಪಲಿ.
"ಆಡಿಸಕ್ಕಾ, ಸಣ್ಣಗ. ಎಡಕ. ಬಲಕ.
ಗಾಲಿ ತಿರುಗಬಾರದು, ಬರೇ ಆಡಬೇಕು."

ಆಡಿಸಿದೆ. ಎಡಕ್ಕೆ, ಬಲಕ್ಕೆ.
ಕೆಳಗೆ ಅವನ ಬೆರಳು ಒಂದೊಂದೇ ಕೀಲಿನ ನಾಡಿ ಹಿಡಿದು ಹೋಯಿತು.
ಟೈರಾಡ್ ಎಂಡು ಚಲೋ ಐತೆ. ಇದೂ ಚಲೋ ಐತೆ.
ಬಾಕ್ಸಿನ ಬೋಲ್ಟು ಅರ್ಧ ಸುತ್ತು ತಗೊಂತು.
ಆಮೇಲೆ ಸುಮ್ಮನಾದ.
"ಬಾಷಾ, ನೀ ಕೂತು ಆಡಿಸು. ಅಕ್ಕ ಕೆಳಗ ಬರಲಿ."

ಸೀರೆ ಬಿಗಿದುಕೊಂಡು ಮಲಗಿದೆ.
ಕಿವಿ ಪಕ್ಕ ಎಣ್ಣೆ ಹನಿ, ಗ್ರೀಸಿನ ವಾಸನೆ.
ನನ್ನ ಬೆರಳು ಹಿಡಿದು ಐಡ್ಲರ್ ತೋಳಿನ ಬುಡಕ್ಕೆ ಇಟ್ಟ.
ಕಟ್.
ಮತ್ತೆ, ಕಟ್.
ಒಳಗಿನ ಬುಷ್ ಸವೆದು ತೋಳು ತೊಟ್ಟಿಲಾಗಿತ್ತು,
ಬಾಕ್ಸಿನಿಂದ ಒಂದು ಮೊಳ ಆಚೆ,
ಬಾನೆಟ್ ಎತ್ತಿದವನ ಕಣ್ಣಿಗೆ ಬೀಳದ ಕಡೆ.

ಅಲ್ಲೇ, ಮಲಗಿದಲ್ಲೇ, ನಗು ಬಂತು.
ಬಟ್ಟೆ ಅಡಿಯಲ್ಲಿ ದಾರ ಕುಣಿಕೆ ಬಿದ್ದರೆ
ಹೊಸ ಹುಡುಗಿಯರು ಬಾಬಿನ್ ತಿರುಪು ಬಿಗಿಯುತ್ತಾರೆ.
ತಪ್ಪು ಮೇಲಿನ ದಾರದ್ದು ಕಣ್ರೇ,
ಅಂತ ಇಪ್ಪತ್ತು ವರ್ಷದಿಂದ ಬೈಯುತ್ತ ಬಂದವಳು,
ಇನ್ನೂರು ರೂಪಾಯಿ ಎಣಿಸಿ ಕೊಟ್ಟಿದ್ದೆ.

ಬುಷ್ ಎಲ್ಲೂ ಸಿಗಲಿಲ್ಲ.
ಗುಜರಿಯವನು, ಫಿಯಟ್ಟಾ, ಅಂತ ಆಕಾಶ ನೋಡಿದ.
ಹಿತ್ತಾಳೆ ತುಂಡು ಹಿಡಿದು ಬಾಷಾ ಲೇತಿನ ಅಂಗಡಿಗೆ ಓಡಿದ.
ನಾನು ಟೈರಿನ ಮೇಲೆ ಕೂತು ಒಗ್ಗರಣಿ, ಎರಡು ಮಿರ್ಚಿ,
ಆಮೇಲೆ ಇನ್ನೆರಡು.
ಮೂರಕ್ಕೆ ಬಂತು ಬಿಸಿ ಬಿಸಿ ಬುಷ್.
ವೈಸಿನಲ್ಲಿಟ್ಟು ಒತ್ತಿದರು.

ಎಲ್ಲ ಆದ ಮೇಲೆ
ಆ ನೆತ್ತಿಯ ತಿರುಪನ್ನು ಉಗುರಿನಷ್ಟು ಬಿಗಿದ.
ಇನ್ನೊಂದು ಚೂರು, ಅಂದೆ.
"ಬ್ಯಾಡ. ಒಂದು ಬೆರಳಿನ ಆಟ ಇರಲಿ.
ಪೂರಾ ತೆಗೆದರ ಕೂತುಬಿಡ್ತೈತೆ."

ಕೋಟೆಯ ಬದಿಯ ತಿರುವಿನಲ್ಲಿ ಹಿಡಿತ ಬಿಟ್ಟೆ.
ಸ್ಟೇರಿಂಗ್ ಅಂಗೈ ಸವರುತ್ತ
ತಾನಾಗಿಯೇ ನೆಟ್ಟಗಾಯಿತು.

ಸುಧಾ ಕ್ರಾಸಿನ ಗೇಟು ತೆರೆಯಿತು.
ರೂಢಿಯಂತೆ ಮೂರು ಬೆರಳು ಮೊದಲೇ ತಿರುಗಿಸಿದೆ.
ಗಾಡಿ ಯೋಚಿಸಲಿಲ್ಲ,
ನೇರ ಮಜ್ಜಿಗೆಯವನ ಗಡಿಗೆಯ ಕಡೆಗೆ ನುಗ್ಗಿತು.
ಬ್ರೇಕು. ಗೇಣಿನಷ್ಟು ಅಂತರ.
ಸೌಟು ಎತ್ತಿ ಅವನು ಕೇಳಿದ:
"ಏನವ್ವಾ, ಈಗ ಕಲಿಯಾಕ ಹತ್ತೀಯೇನು?"