ಹತ್ತನೆಯ ಮಡಿಕೆ

ಎರಡನೇ ಸಂಪುಟದ ಹತ್ತನೇ ಮಡಿಕೆ ನನ್ನದು.
ಅಷ್ಟೇ ನನ್ನದು. ನೂರ ನಲವತ್ತೈದನೇ ಪುಟದಿಂದ
ನೂರ ಅರವತ್ತರವರೆಗೆ.
ದೊಡ್ಡ ಹಾಳೆ ಬರುತ್ತದೆ, ಅರ್ಧ ಪುಟಗಳು ತಲೆಕೆಳಗು;
ಮೂರು ಸಲ ಮಡಚಿ ಎಲುಬಿನ ಕಡ್ಡಿಯಿಂದ ಗೀರಿದರೆ
ಎಲ್ಲ ನೆಟ್ಟಗೆ ನಿಲ್ಲುತ್ತದೆ.
ನೂರು ಹಾಳೆಗೆ ಒಂದು ಪೆನ್ನಿ.

ಕ್ಲರ್ಕನ್‌ವೆಲ್‌ನ ಈ ಮಹಡಿಯಲ್ಲಿ ನಲವತ್ತು ಹೆಂಗಸರು
ಒಂದೇ ಕಾದಂಬರಿಯನ್ನು ಚೂರು ಮಾಡಿಕೊಂಡು ಕೂತಿದ್ದೇವೆ.
ಯಾರಿಗೂ ಪೂರ್ತಿ ಕಥೆ ಗೊತ್ತಿಲ್ಲ.
ಮಧ್ಯಾಹ್ನ ಗಂಟೆ ಬಾರಿಸಿದಾಗ, ಬ್ರೆಡ್ಡಿಗೆ ಹಂದಿಕೊಬ್ಬು ಸವರುತ್ತಾ
ಜೋಡಿಸಿಕೊಳ್ಳುತ್ತೇವೆ:
"ನನ್ನ ಹಾಳೆಯಲ್ಲಿ ಲವೀನಿಯಾ ಅವನನ್ನು ಒಲ್ಲೆ ಅಂದಳು."
"ನನ್ನದರಲ್ಲಿ ಅತ್ತಳು, ಹನ್ನೊಂದು ಪುಟ."
"ನನ್ನದರಲ್ಲಿ ಬರೇ ಒಂದು ಕೊಳ, ಒಬ್ಬ ಪಾದ್ರಿ, ಮತ್ತೆ ಕೊಳ."
ಮೂರನೇ ಸಂಪುಟದ ಟ್ರಿಫೀನಾಳದು ಯಾವಾಗಲೂ ಕೊನೆಯ ಮಾತು:
"ತನ್ನ ಗರ್ವ ತನಗೇ ಗೊತ್ತಾಗುತ್ತೆ ಕಣ್ರೇ. ಮೆತ್ತಗಾಗ್ತಾಳೆ."
ಐರ್ಲೆಂಡಿನ ಓನಾ ನಕ್ಕು, ಕೆಮ್ಮಿ, ಮತ್ತೆ ನಕ್ಕಳು:
"ಗರ್ವ ಇಳಿಸೋಕೆ ಅವಳಿಗೆ ಮೂರು ಸಂಪುಟ.
ನಮಗೆ ಸ್ಟಬಿಂಗ್ಸ್ ಹಾಕೋ ಮೂರು ಪೆನ್ನಿ ದಂಡ ಸಾಕು."

ಲವೀನಿಯಾ ಮೇಲೆ ನನಗೆ ಕೋಪವೇನಿಲ್ಲ.
ಬೆಳೆಯಲಿ. ಬೆಳೆಯಲು ಅವಳಿಗೊಂದು ಕಿಟಕಿಯಿದೆ,
ಕಿಟಕಿಯ ಬಳಿ ಕುರ್ಚಿ, ಕುರ್ಚಿಯಲ್ಲಿ ಕೂತು
ಪಶ್ಚಾತ್ತಾಪ ಪಡಲು ಹಗಲಿಡೀ ಪುರುಸೊತ್ತು;
ಒಲೆ ತಾನಾಗಿ ಉರಿಯುತ್ತಿರುತ್ತದೆ.

ತಾನಾಗಿ ಅಲ್ಲ.
ನೂರ ನಲವತ್ತಾರನೇ ಪುಟ, ಮೇಲಿಂದ ಒಂಬತ್ತನೇ ಸಾಲು:
ಕೆಲಸದವಳು ಮಾರ್ಥಾ ಕಲ್ಲಿದ್ದಲು ಸುರಿದು ಹೋದಳು.
ನೂರ ಐವತ್ತೆಂಟನೇ ಪುಟ, ಕೊನೆಯ ಸಾಲು:
ಕೆಲಸದವಳು ಹನ್ನಾ ಮೇಣದಬತ್ತಿ ಇಟ್ಟು ಹೋದಳು.
ಅದೇ ಮನೆ, ಅದೇ ಕೋಣೆ, ಅದೇ ಸಂಜೆ.
ಇರುವ ಕೆಲಸದವಳು ಒಬ್ಬಳೇ. ಉಳಿದವರನ್ನು
ಒಂಬತ್ತನೇ ಮಡಿಕೆಯಲ್ಲೇ ಬಿಡಿಸಿದ್ದಾರೆ, ಓನಾ ಓದಿದ್ದಾಳೆ.

ಬರೆದವರು ಮರೆತರು. ಮೊಳೆ ಜೋಡಿಸಿದವನು ಮರೆತ.
ಕರಡು ತಿದ್ದಿದವನ ಗಮನ ಲವೀನಿಯಾಳ ಕಣ್ಣೀರಿನಲ್ಲಿತ್ತು.
ಸ್ಟಬಿಂಗ್ಸ್‌ಗೆ ತೋರಿಸಿದೆ. "ಯಾರು ನೋಡ್ತಾರೆ?" ಅಂದ,
"ನಿನ್ನ ಕಣ್ಣಿರೋದು ಅಂಚು ಸೇರಿತೋ ಇಲ್ಲವೋ ನೋಡೋಕೆ."

ನೋಡಿದೆ. ಸಾವಿರ ಹಾಳೆ ದಾಟಿದ ಮೇಲೆ
ಅದು ತಪ್ಪು ಅನ್ನಿಸಲಿಲ್ಲ.
ಹಿಂಬಾಗಿಲಲ್ಲಿ ಮಾರ್ಥಾ ತಗಡಿನ ಪೆಟ್ಟಿಗೆ ಹಿಡಿದು ನಿಂತಿದ್ದಾಳೆ;
ಬೆಳ್ಳಿ ಚಮಚದ ಲೆಕ್ಕ ತಪ್ಪಿದೆ, ಇಲ್ಲಾ ಲಂಗ ಬಿಗಿಯಾಗಿದೆ,
ಇಲ್ಲಾ ತಿರುಗಿ ಒಂದು ಮಾತು ಆಡಿಬಿಟ್ಟಿದ್ದಾಳೆ.
ಅವಳು ಬಿಚ್ಚಿಟ್ಟ ಏಪ್ರನ್ನು ಹನ್ನಾ ಕಟ್ಟಿಕೊಳ್ಳುತ್ತಿದ್ದಾಳೆ,
ಮೈಯ ಬಿಸಿ ಇನ್ನೂ ಆರಿಲ್ಲ.
ಇಷ್ಟೆಲ್ಲ ಕೆಳಗೆ ನಡೆದುಹೋಯಿತು,
ಮೇಲೆ ಲವೀನಿಯಾ ಒಂದು ಪತ್ರವನ್ನು
ಎರಡನೇ ಸಲ ಓದಿ ಮುಗಿಸುವುದರೊಳಗೆ.

ನನ್ನ ಈ ಸ್ಟೂಲಿನ ಮೇಲೆ ಮೊದಲು ಡಾರ್ಕಸ್ ಇದ್ದಳಂತೆ.
ಮರದಲ್ಲಿ ಅವಳು ಕೂತ ತಗ್ಗು ಹಾಗೇ ಇದೆ, ನನಗಿಂತ ಅಗಲ.
ಏನಾದಳೋ, ಕೇಳಿದರೆ ಎಲ್ಲರೂ ದಾರ ಹುಡುಕುತ್ತಾರೆ.
ಮೂರು ತಿಂಗಳು ಸ್ಟಬಿಂಗ್ಸ್ ನನ್ನನ್ನು
ಡಾರ್ಕಸ್ ಎಂದೇ ಕರೆದ.
ಮೂರು ತಿಂಗಳು ಓಗೊಟ್ಟೆ.

ನಿನ್ನೆ ಕರೆದಾಗ ತಲೆ ಎತ್ತಲಿಲ್ಲ.
ಮತ್ತೆ ಕರೆದ. ಹಾಕಿದ ಮಡಿಕೆಯನ್ನೇ
ಇನ್ನೊಮ್ಮೆ ಗೀರಿದೆ, ನಿಧಾನಕ್ಕೆ.
ಸುತ್ತ ಒಂದೊಂದೇ ಕಡ್ಡಿ ನಿಂತಿತು.
"ಕೆಜಾಯಾ," ಅಂದೆ, ಅವನಿಗಲ್ಲ, ಹಾಳೆಗೆ.
ದನಿ ನನ್ನದೇ, ಆದರೂ ಸ್ವಲ್ಪ ದೂರದಿಂದ ಬಂದಂತಿತ್ತು.

ಮೂರು ಪೆನ್ನಿ ಹೋಯಿತು.
ಅಂದರೆ ಮುನ್ನೂರು ಹಾಳೆ.
ಇವತ್ತು ಬೆಳಗಿನಿಂದ ಅವನ್ನೇ ಮಡಚುತ್ತಿದ್ದೇನೆ,
ಮುನ್ನೂರು ಸಲ ಮಾರ್ಥಾ, ಮುನ್ನೂರು ಸಲ ಹನ್ನಾ.