ಕರಿಗೂ ಬಿಳಿಗೂ ನಡುವೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಎದುರು,
ಮೆಡಿಕಲ್ ಶಾಪಿನ ಮೇಲಿನ ಕೋಣೆ.
ಚಾಪೆ ಮೇಲೆ ಐದು ಮಕ್ಕಳು,
ಹಿಂದೆ ಅಪ್ಪ ಅಮ್ಮಂದಿರ ಮೊಣಕಾಲು.
ಪ್ರಫುಲ್ಲಾ ಟೀಚರ್ ಒಬ್ಬೊಬ್ಬರ ಹೆಸರನ್ನೂ
ಹಾಡಿ ಕರೆಯುತ್ತಾರೆ.
ಜುನೈದ್ ಕಿವಿ ಮುಚ್ಚಿ ಗೋಡೆಗೆ ತಿರುಗುತ್ತಾನೆ.

ನನಗೆಲ್ಲಿಯ ಹಾಡು?
ಕುದಿನೀರಲ್ಲಿ ಎಳೆಯ ತುದಿ ಹುಡುಕುವ ಬೆರಳು,
ಗಿಲಕಿ ಹಿಡಿಯಲು ನಾಚುತ್ತವೆ.

ಆರನೇ ಶನಿವಾರ
ತುಟಿ ಮುಚ್ಚಿಕೊಂಡೇ ಒಂದು ಸ್ವರ ಹಿಡಿದ.
ಬಿಡಲಿಲ್ಲ.
ಟೀಚರ್ ಹಾರ್ಮೋನಿಯಂ ತುಂಬ ಹುಡುಕಿದರು.
ಕರಿಗೂ ಬಿಳಿಗೂ ನಡುವೆ ಎಲ್ಲೋ ಇದೆ, ಅಂದರು.

ಅದು ನಮ್ಮ ರಾಟೆ, ಮೇಡಂ.
ಬೆಳಗಿನ ಐದಕ್ಕೆ ಶುರು.
ಕರೆಂಟು ಹೋದರೆ ಅಳುತ್ತಾನೆ.

ನಾನೂ ತುಟಿ ಮುಚ್ಚಿದೆ, ಸ್ವರ ಸೇರಿಸಿದೆ.
ಅವನು ತಿರುಗಿ ನೋಡಲಿಲ್ಲ.
ಬೆನ್ನು ಮಾತ್ರ
ಮೆಲ್ಲಗೆ ಹಿಂದೆ ಹಿಂದೆ ಜರುಗಿ
ಸದ್ದು ಹುಟ್ಟುವ ಎಲುಬಿಗೆ ಒರಗಿತು.